ಹಾಲು ಕೊಡದಿರಲು ಒಂದು ನೆಪ

ಕೋವಿಡ್ ಲಾಕ್‌ಡೌನ್‌ಗಳೆಲ್ಲ ಕಳೆದು, ಜನ ಮಾಸ್ಕನ್ನು ಗೂಟಕ್ಕೆ ನೇತುಹಾಕಿ ಮರೆತುಬಿಟ್ಟ ವರ್ಷದ ಮಾತು. ನಾನಾಗ ಅಥಣಿ–ಕಾಗವಾಡ ಸೀಮೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಐಸಿಟಿಸಿ ಆಪ್ತಸಮಾಲೋಚಕಿಯಾಗಿದ್ದೆ. ಐಸಿಟಿಸಿ ಎಂದರೆ ಎಚ್‌ಐವಿ ರಕ್ತಪರೀಕ್ಷೆ ಮಾಡುವ, ಪರೀಕ್ಷೆಗೆ ಮೊದಲೂ ಆಮೇಲೂ ಕೂತು ಮಾತಾಡುವ ಕೇಂದ್ರ. ಹೆಸರು ದೊಡ್ಡದು, ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಗಾಳಿಗಿಂತ ಸದ್ದೇ ಜಾಸ್ತಿ ಕೊಡುವ ಫ್ಯಾನು, ಗೋಡೆಯ ಮೇಲೆ ನಗುನಗುತ್ತಿರುವ ಕುಟುಂಬವೊಂದರ ಪೋಸ್ಟರು. ಆ ಪೋಸ್ಟರಿನವರ ಹಾಗೆ ಹಲ್ಲು ಬಿಟ್ಟುಕೊಂಡು ನನ್ನ ಕೋಣೆಯಿಂದ ಹೊರಟವರನ್ನು ನಾನಂತೂ ನೋಡಲಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕಿ ಇಡುವ ಮಾತ್ರೆ, ನಮ್ಮ ಕಡೆಯ ಬಡವರ ಕೈಗೆ ಎಟುಕುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇನ್ನ ಎಷ್ಟ ದಿನ್ರಿ?" ಅದಕ್ಕೆ ನನ್ನ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ವರ್ಷಗಳು ಕಳೆದಂತೆ ಮಾತ್ರೆ ಬಂತು, ಉಚಿತವಾಗಿಯೇ ಬಂತು, ಪ್ರಶ್ನೆಯೂ ಬದಲಾಯಿತು. "ಮನ್ಯಾಗ ಏನಂತ ಹೇಳ್ಲಿರಿ?" ಎಂದು ಕೇಳತೊಡಗಿದರು. ಸಾಯುವ ಭಯಕ್ಕೆ ಔಷಧ ಸಿಕ್ಕಿತ್ತು, ನಾಲ್ಕು ಜನಕ್ಕೆ ಗೊತ್ತಾಗುವ ಭಯಕ್ಕೆ ಸಿಕ್ಕಿರಲಿಲ್ಲ.

ನಮ್ಮದು ಗಡಿ ಸೀಮೆ. ಗುಟ್ಟು ಕಾಪಾಡಿಕೊಳ್ಳಲು ಗಡಿ ಒಳ್ಳೆಯ ಅನುಕೂಲ. ನಮ್ಮವರಲ್ಲಿ ಎಷ್ಟೋ ಜನ ಕೃಷ್ಣೆ ದಾಟಿ ಮಿರಜ ಕಡೆಗೆ ಹೋಗಿ ಮಾತ್ರೆ ತರುತ್ತಿದ್ದರು, ಆ ಕಡೆಯ ಮರಾಠಿ ಮಂದಿ ನಮ್ಮಲ್ಲಿಗೆ ಬರುತ್ತಿದ್ದರು. ಇಬ್ಬರೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದರೋ ಏನೋ. ನಾನು ಅರ್ಧ ದಿನ ಕನ್ನಡದಲ್ಲಿ, ಅರ್ಧ ದಿನ ಮರಾಠಿಯಲ್ಲಿ ಸಮಾಧಾನ ಹೇಳುತ್ತಿದ್ದೆ. ಸಂತೆಯಲ್ಲಿ, ಮದುವೆಯಲ್ಲಿ ಯಾರಾದರೂ ಎದುರಾದರೆ ಅವರಾಗಿ ಮಾತಾಡಿಸುವವರೆಗೆ ನಾನು ಗುರುತು ಹಿಡಿಯುತ್ತಿರಲಿಲ್ಲ. ಇದರಿಂದ ನನಗೆ ಸೊಕ್ಕಿನವಳು ಎಂಬ ಹೆಸರೂ ಬಂದಿತ್ತು. ಬರಲಿ ಎಂದು ಬಿಟ್ಟಿದ್ದೆ.

ಈಗ ಹೇಳಹೊರಟಿರುವ ಹೆಣ್ಣುಮಗಳನ್ನು ಸವಿತಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ದ್ರಾಕ್ಷಿ ತೋಟ, ಕಬ್ಬು, ನಾಲ್ಕು ಎಮ್ಮೆ ಇರುವ ಮನೆಯ ಸೊಸೆ. ಮೊದಲ ಬಸುರಿನಲ್ಲಿ ಎಲ್ಲ ಗರ್ಭಿಣಿಯರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಸೋಂಕು ಇರುವುದು ಗೊತ್ತಾಗಿತ್ತು, ಆಮೇಲೆ ಗಂಡನಿಗೂ. ಯಾರಿಂದ ಯಾರಿಗೆ ಬಂತು ಎಂದು ನಾವು ಕೆದಕುವುದಿಲ್ಲ. ಕೆದಕಿದರೆ ಜಗಳ ಸಿಗುತ್ತದೆಯೇ ಹೊರತು ಚಿಕಿತ್ಸೆ ಸಿಗುವುದಿಲ್ಲ. ಇಬ್ಬರೂ ಮಾತ್ರೆ ಶುರು ಮಾಡಿದರು. ಸವಿತಾ ಹೆರಿಗೆಗೆ ತವರಿಗೆ ಹೋಗಿ ಗಂಡುಮಗು ಹೆತ್ತಳು. ಮಗುವಿಗೆ ಮೊದಲ ವಾರಗಳಲ್ಲಿ ಕೊಡಬೇಕಾದ ಸಿರಪ್ಪನ್ನು ತಪ್ಪದೆ ಕೊಟ್ಟಳು. ತಾಯಿ ಮಾತ್ರೆ ಬಿಡದೆ ನುಂಗಿ, ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದಿದ್ದರೆ ಮಗುವಿಗೆ ಎದೆಹಾಲು ಕುಡಿಸಬಹುದು. ಅವಳೂ ಕುಡಿಸುತ್ತಿದ್ದಳು. ಮಗು ಸೋಮು ಅಲ್ಲಿಯವರೆಗಿನ ಪರೀಕ್ಷೆಗಳಲ್ಲೆಲ್ಲ ಪಾಸಾಗಿದ್ದ. ಹದಿನೆಂಟು ತಿಂಗಳಿಗೆ ಮಾಡುವ ಕೊನೆಯ ಪರೀಕ್ಷೆ ಮಾತ್ರ ಬಾಕಿ ಇತ್ತು.

ಮನೆಯಲ್ಲಿ ಗಂಡ-ಹೆಂಡತಿಗೆ ಬಿಟ್ಟರೆ ಯಾರಿಗೂ ವಿಷಯ ಗೊತ್ತಿರಲಿಲ್ಲ. ತಿಂಗಳ ಮಾತ್ರೆಗೆ ಬರುವಾಗ "ಕೂಸಿನ ತೂಕಾ ಹಾಕಸ್ಕೊಂಡ ಬರ್ತೀನಿ" ಎಂದು ಅತ್ತೆಗೆ ಹೇಳಿ ಬರುತ್ತಿದ್ದಳು. ಅತ್ತೆ ಗಂಗವ್ವನವರು ತೋಟ, ಮನೆ, ಮಗ, ಎಮ್ಮೆ ಎಲ್ಲವನ್ನೂ ಒಂದೇ ದನಿಯಲ್ಲಿ ಆಳುತ್ತಿದ್ದವರು. ಮೊಮ್ಮಗನ ತೂಕ ಏರಿದ್ದು ಕೇಳಿದರೆ ಅವರಿಗೆ ಬೇರೇನೂ ಬೇಕಾಗುತ್ತಿರಲಿಲ್ಲ.

ಮಗುವಿಗೆ ಎಂಟು ತಿಂಗಳಾಗಿದ್ದಾಗ ಸವಿತಾ ವಾಯಿದೆಗಿಂತ ಮೊದಲೇ ಬಂದಳು. ಕೂತವಳು ಸೆರಗಿನ ಅಂಚು ತಿರುವತೊಡಗಿದಳು. ಮಾತ್ರೆ ಕಳೆದುಕೊಂಡಳೇನೋ ಅಂದುಕೊಂಡೆ.

"ಅಕ್ಕಾರ, ನಮ್ಮ ನಾದಿನಿ ಹಡ್ಯಾಕ ಬಂದಾಳ್ರಿ," ಅಂದಳು.

"ಬರ್ಲಿ, ಚಲೋ ಆತಲ್ಲ."

"ಕೂಸ ಹುಟ್ಟಿದ ಕೂಡ್ಲೆ ನಾನ ಹಾಲ ಕುಡಸಬೇಕಂತ್ರಿ. ಅತ್ತಿ ಹೇಳ್ಯಾರ."

ಆ ಮನೆತನದ ಪದ್ಧತಿ ಹೀಗಿತ್ತು. ಹಡೆದವಳ ಮೊದಲ ಹಳದಿ ಹಾಲು ಕೂಸಿಗೆ ಭಾರ, ಅದನ್ನು ಹಿಂಡಿ ಚೆಲ್ಲಬೇಕು. ಒಳ್ಳೆಯ ಹಾಲು ಇಳಿಯುವವರೆಗೆ ಮನೆಯಲ್ಲಿ ಹಾಲುಣಿಸುತ್ತಿರುವ ಇನ್ನೊಬ್ಬ ಹೆಂಗಸು ಕೂಸಿಗೆ ಮೊಲೆ ಕೊಡಬೇಕು. ಗಂಗವ್ವನವರ ಕಾಲದಲ್ಲಿ ಮನೆ ತುಂಬ ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಂದಿರು. ಒಬ್ಬರ ಕೂಸಿಗೆ ಇನ್ನೊಬ್ಬರು ಹಾಲು ಕೊಟ್ಟೇ ಮಕ್ಕಳು ಬೆಳೆದಿದ್ದವು. ಈಗ ಮನೆಯ ಒಬ್ಬಳೇ ಮಗಳು ಸುಜಾತಾ ಚೊಚ್ಚಿಲ ಹೆರಿಗೆಗೆ ಬಂದಿದ್ದಾಳೆ, ಹಾಲಿರುವವಳು ಸವಿತಾ ಒಬ್ಬಳೇ. ಇದು ಅವಳಿಗೆ ಕೊಟ್ಟ ಮರ್ಯಾದೆ. ಬೇಡ ಅಂದರೆ ನಾದಿನಿಯ ಕೂಸಿಗೆ ಹಾಲು ತಪ್ಪಿಸಿದವಳು ಎಂಬ ಮಾತು ಜನ್ಮಕ್ಕೆ ಅಂಟುತ್ತದೆ.

ಸ್ವಂತ ಮಗುವಿನ ವಿಷಯ ಬೇರೆ. ಅದಕ್ಕೆ ಸಿರಪ್ಪು, ತಪಾಸಣೆ, ನಾವು ಎಲ್ಲ ಬೆನ್ನಿಗಿರುತ್ತೇವೆ. ಅಪಾಯ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ. ಆ ಚೂರು ಅಪಾಯವನ್ನು ಇನ್ನೊಬ್ಬಳ ಮಗುವಿನ ಮೇಲೆ, ಅವಳಿಗೆ ತಿಳಿಸದೆ ಹೊರಿಸುವ ಹಕ್ಕು ಸವಿತಾಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಇದನ್ನು ಅವಳಿಗೆ ಹೇಳಬೇಕಾಗಲಿಲ್ಲ, ಅವಳಿಗೇ ಗೊತ್ತಿತ್ತು. ಅದಕ್ಕೇ ಬಂದಿದ್ದಳು.

"ನಿಮ್ಮ ಅತ್ತಿಯವರಿಗೆ ಹೇಳಿಬಿಡೋಣೇನು? ನಾನೂ ಜೋಡಿ ಇರ್ತೀನಿ," ಎಂದೆ.

"ಬ್ಯಾಡ್ರಿ! ನನ್ನ ತಾಟು ಬ್ಯಾರೆ ಮಾಡ್ತಾರ. ಅದನ್ನರ ತಡಕೋತೇನಿ. ನನ್ನ ಕೂಸನ್ನ ಎತ್ಕೊಳ್ಳಾಕ ಹಿಂದ ಮುಂದ ನೋಡಿದ್ರ, ಅದನ್ನ ತಡಕೊಳ್ಳಾಕ ಆಗೂದಿಲ್ರಿ ಅಕ್ಕಾರ."

ಅವಳು ಒಪ್ಪದೆ ನಾನು ಯಾರಿಗೂ ಬಾಯಿ ಬಿಡುವಂತಿಲ್ಲ. ಎಚ್‌ಐವಿ ಕಾಯ್ದೆ ಬರುವ ಮೊದಲೂ ನಮ್ಮ ಕೆಲಸದ ಧರ್ಮ ಅದೇ ಆಗಿತ್ತು. ಇಬ್ಬರೂ ಕೂತು ನೆಪ ಹುಡುಕಿದೆವು. ಜ್ವರ ಅಂದರೆ ಗಂಗವ್ವನವರು ಕಷಾಯ ಕುಡಿಸಿ ನಾಳೆ ಕೊಡು ಅನ್ನುತ್ತಾರೆ. ಹಾಲು ಬತ್ತಿದೆ ಅಂದರೆ ಸೋಮು ದುಂಡಗೆ ಎದುರಿಗೇ ಕೂತಿದ್ದಾನೆ. ತವರಿಗೆ ಹೋಗುತ್ತೇನೆ ಅಂದರೆ ಬಾಣಂತಿ ಮನೆಯಲ್ಲಿರುವಾಗ ಸೊಸೆ ಹೊಸಿಲು ದಾಟುವಂತಿಲ್ಲ. ಗಂಡನ ಕೈಲಿ ಹೇಳಿಸೋಣ ಅಂದೆ.

"ಅವ್ವನ ಮುಂದ ಅವರಿಗೆ ಆಕಳಿಕಿ ಸೈತ ಬರೂದಿಲ್ರಿ," ಅಂದಳು.

ಹಾವು ಸಾಯಬೇಕು, ಕೋಲು ಮುರಿಯಬಾರದು. ಕೊನೆಗೆ ನನಗೆ ಹೊಳೆದದ್ದು ಆಸ್ಪತ್ರೆಯದೇ ನಿಯಮ. ಹುಟ್ಟಿದ ಗಂಟೆಯೊಳಗೆ ಕೂಸಿಗೆ ಹೆತ್ತ ತಾಯಿಯ ಹಾಲೇ ಬೀಳಬೇಕು, ಆ ಹಳದಿ ಹಾಲೇ ಅದಕ್ಕೆ ಮೊದಲ ರಕ್ಷಣೆ ಎಂದು ಎಲ್ಲ ಕಡೆ ಬರೆದು ಹಾಕಿರುತ್ತಾರೆ. ಬರೆದು ಹಾಕಿದ್ದೆಲ್ಲ ನಡೆಯುವುದಿಲ್ಲ ಎನ್ನುವುದು ಬೇರೆ ಮಾತು. ಈ ಹೆರಿಗೆಯಲ್ಲಿ ಅದನ್ನು ನಡೆಸುವುದು ಎಂದು ನಿಶ್ಚಯಿಸಿದೆ. ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ನನ್ನ ಸ್ನೇಹಿತೆ. ಅವರ ಹತ್ತಿರ ಹೋಗಿ, ಇತ್ತೀಚೆಗೆ ಕೂಸುಗಳಿಗೆ ಅವರಿವರು ಹಾಲು ಕುಡಿಸುವುದು ಜಾಸ್ತಿಯಾಗಿದೆ, ಯಾರದೇ ಕೂಸಾಗಲಿ ತಾಯಿಯ ಹಾಲೇ ಮೊದಲು ಕೊಡಿಸಿ ಎಂದೆ.

"ಅದ ರೂಲ್ ಐತಲ್ರಿ ಮೇಡಮ್, ಅದಕ್ಕ ಇಷ್ಟ ಪೀಠಿಕಿ ಯಾಕ?" ಅಂದರು. ಯಾರಿಗಾಗಿ ಎಂದು ಅವರು ಕೇಳಲಿಲ್ಲ. ಕೇಳದವರ ಜೊತೆ ಕೆಲಸ ಮಾಡುವುದು ಒಂದು ಭಾಗ್ಯ.

ಗರ್ಭಿಣಿಯರ ತಪಾಸಣೆಯ ದಿನ ಸುಜಾತಾಳನ್ನು ಕರೆದುಕೊಂಡು ಗಂಗವ್ವನವರೂ ಬಂದರು. ಎಲ್ಲ ಹೆಂಗಸರನ್ನೂ ಒಟ್ಟಿಗೆ ಕೂರಿಸಿ ಭಾಷಣ ಮಾಡುವ ಕೆಲಸ ನನ್ನದೇ. ಅಂದು ಹಳದಿ ಹಾಲಿನ ಮೇಲೆ ಮನಸಾರೆ ಮಾತಾಡಿದೆ. ಹುರುಪಿನಲ್ಲಿ, ವಾಡಿಕೆಯಂತೆ, ರಕ್ತಸಂಬಂಧದಲ್ಲಿ ಮದುವೆ ಮಾಡಬೇಡಿ ಎನ್ನುವುದನ್ನೂ ಸೇರಿಸಿದೆ. ಗಂಗವ್ವನವರು ಎಲೆ-ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಚಂದ ಹೇಳಿದ್ರಿ ಬಾಯಾರ. ನಾ ನಮ್ಮ ಸ್ವಾದರಮಾವನ ಮಗನ್ನ ಮಾಡ್ಕೊಂಡಾಕಿ. ನನ್ನ ಮಕ್ಕಳಿಗೆ ಏನಾಗೇತಿ? ಎತ್ತಿನಂಗ ಅದಾರ," ಎಂದು ಎದ್ದು ಹೋದರು. ಆ ಮಕ್ಕಳಲ್ಲಿ ಒಬ್ಬ ನಮ್ಮಲ್ಲಿಂದಲೇ ಮಾತ್ರೆ ಒಯ್ಯುತ್ತಿದ್ದ.

ಹೆರಿಗೆಯ ದಿನ ಬೆಳಗ್ಗೆ ಸವಿತಾ ನನಗೆ ಮಿಸ್ಡ್ ಕಾಲ್ ಕೊಟ್ಟಳು. ಅದು ನಮ್ಮಿಬ್ಬರ ಸಂಕೇತ. ಸಿಸ್ಟರ್ ಡ್ಯೂಟಿಯಲ್ಲಿದ್ದರು, ನಾನು ಆಸ್ಪತ್ರೆಯಲ್ಲಿದ್ದೆ, ಎಲ್ಲ ಅಂದುಕೊಂಡಂತೆಯೇ ಇತ್ತು. ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರು ಸಿಜೇರಿಯನ್ ಎಂದರು. ಸುಜಾತಾಳನ್ನು ಆಪರೇಷನ್ ಥಿಯೇಟರಿಗೆ ಒಯ್ದರು. ತಾಯಿಯೇ ಮೇಜಿನ ಮೇಲಿದ್ದರೆ ತಾಯಿಯ ಹಾಲು ಮೊದಲು ಎನ್ನುವ ನನ್ನ ನಿಯಮ ನಡೆಯುವುದೆಲ್ಲಿ?

ನಾನು ಥಿಯೇಟರಿನ ಮುಂದಿನ ಪಡಸಾಲೆಗೆ ಹೋಗಿ ನಿಂತೆ. ಎಲ್ಲ ಬಸುರಿಯರ ರಕ್ತ ತಪಾಸಣೆ ನನ್ನಲ್ಲೇ ಆಗುವುದರಿಂದ ಹೆರಿಗೆ ವಾರ್ಡಿನ ಬಳಿ ನಾನು ನಿಂತರೆ ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ. ಬೆಂಚಿನ ಮೇಲೆ ಗಂಗವ್ವ, ಪಕ್ಕದಲ್ಲಿ ಸವಿತಾ. ಸೋಮುವನ್ನು ಮನೆಯಲ್ಲಿ ಪಕ್ಕದವರ ಬಳಿ ಬಿಟ್ಟು ಬಂದಿದ್ದರು. ಎಷ್ಟೋ ಹೊತ್ತು ಮಗುವಿಗೆ ಕೊಡದೆ ಅವಳ ಎದೆ ತುಂಬಿ ರವಿಕೆ ಒದ್ದೆಯಾಗಿತ್ತು. ಅದನ್ನು ಅವಳ ಅತ್ತೆಯೂ ನೋಡಿದ್ದರು, ನಾನೂ ನೋಡಿದೆ.

ಸಿಸ್ಟರ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಗಂಗವ್ವನವರ ಕೈಗಿಟ್ಟರು. "ಹೆಣ್ಣ ಕೂಸು, ಅಜ್ಜಿ. ಚಲೋ ಐತಿ. ತಾಯಿ ಹೊರಗ ಬರೂತನಕ ಬಾಯಿಗೆ ಏನೂ ಹಾಕಬ್ಯಾಡ್ರಿ," ಎಂದು ಹೇಳಿ ಒಳಗೆ ಓಡಿದರು. ಒಳಗೆ ಅವರಿಗೆ ಕೈತುಂಬ ಕೆಲಸವಿತ್ತು.

ಬಾಗಿಲು ಮುಚ್ಚಿತು. ಕೂಸು ಅಳತೊಡಗಿತು. ಇಷ್ಟು ಸಣ್ಣ ಗಂಟಲಿನಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೋ, ಅಷ್ಟು ವರ್ಷ ಆಸ್ಪತ್ರೆಯಲ್ಲಿದ್ದರೂ ನನಗೆ ತಿಳಿದಿಲ್ಲ.

"ಏ ಸವಿತಾ, ಹಿಡಿ ಇಲ್ಲೆ. ಬಾಯಿಗೆ ಹಚ್ಚ," ಅಂದರು ಗಂಗವ್ವ.

"ಅಜ್ಜಿ, ಸಿಸ್ಟರ್ ಹೇಳಿ ಹೋದ್ರಲ್ಲ, ತಾಯಿ ಬರ್ಲಿ," ಎಂದು ನಾನು ಮುಂದೆ ಬಂದೆ.

"ನಿಮ್ಮ ರೂಲು ನಿಮ್ಮ ಗ್ವಾಡಿ ಮ್ಯಾಲ ಇರ್ಲ್ರಿ ಬಾಯಾರ. ಕೂಸ ಅಳಾಕತ್ತೈತಿ, ಇಲ್ಲೆ ಹಾಲ ಸ್ವಾರಾಕತ್ತೈತಿ. ದೇವರ ಕೊಟ್ಟಿದ್ದನ್ನ ನಡುವ ನಿಂತ ಬ್ಯಾಡ ಅನ್ನಾಕ ನೀವ್ಯಾರು?"

ಹೇಳುತ್ತ ಹೇಳುತ್ತ ಕೂಸನ್ನು ಸವಿತಾಳ ಮಡಿಲಿಗೆ ಹಾಕಿಯೇಬಿಟ್ಟರು. ಕೂಸು ವಾಸನೆ ಹಿಡಿದು ಅವಳ ಎದೆಯ ಕಡೆ ಬಾಯಿ ತೆರೆದು ಹೊರಳಿತು. ನನಗೆ ಹೆದರಿಕೆಯಾಯಿತು. ಉಸಿರಾಟ ನೋಡಬೇಕು ಅಂತಲೋ, ಕಾಲಿಗೆ ನಂಬರ್ ಪಟ್ಟಿ ಕಟ್ಟಬೇಕು ಅಂತಲೋ ಏನೋ ಒಂದು ಸುಳ್ಳು ಹೇಳಿ ಕೂಸನ್ನು ಕಿತ್ತುಕೊಳ್ಳುವುದು ಎಂದು ನಿರ್ಧರಿಸಿದೆ. ಕಿತ್ತುಕೊಂಡರೆ ಗಂಗವ್ವನವರಿಗೆ ಅನುಮಾನ ಬರುವುದು ಖಂಡಿತ. ಯಾವ ಕೋಣೆಯ ಮೇಡಮ್ ಇವಳು, ನನ್ನ ಸೊಸೆಯ ಹಾಲೆಂದರೆ ಯಾಕೆ ಇಷ್ಟು ಗಾಬರಿ ಎಂದು ಕೂಡಿಸಿ ನೋಡಲು ಅವರಿಗೆ ಒಂದು ಗಳಿಗೆ ಸಾಕು. ಕೂಸನ್ನು ಉಳಿಸಿದರೆ ಸವಿತಾಳ ಗುಟ್ಟು ಬಯಲಾಗುತ್ತದೆ. ಆದರೂ ನನ್ನ ಕೈ ಮುಂದೆ ಚಾಚಿತ್ತು.

ಸವಿತಾ ನನ್ನ ಕಡೆ ನೋಡಲಿಲ್ಲ. ಕೂಸಿನ ಮೋರೆ ನೋಡುತ್ತಿದ್ದಳು. ಸೆರಗನ್ನು ಸಡಿಲಿಸುವ ಬದಲು ಬಿಗಿಯಾಗಿ ಹೊದ್ದುಕೊಂಡಳು.

"ಅತ್ತಿ, ಹೆಣ್ಣ ಐತ್ರಿ," ಅಂದಳು.

"ಹೌದ ಮತ್ತ, ಲಕ್ಷ್ಮಿ ಬಂದಾಳ. ಕುಡಸ."

"ನಾ ಕುಡಿಸಿದ್ರ ನಮ್ಮ ಸೋಮೂಗ ತಂಗಿ ಆಕ್ಕಾಳ್ರಿ. ಒಂದ ಎದಿ ಹಾಲ ಕುಡದವ್ರು ಅಣ್ಣ-ತಂಗಿ ಅಂತ ನೀವ ಹೇಳ್ತಿದ್ರಿ. ಆಮ್ಯಾಲ ಈಕಿನ್ನ ಮನಿ ಸೊಸಿ ಮಾಡ್ಕೋಬೇಕಂದ್ರ ಬರೂದಿಲ್ಲ. ನೋಡ್ರಿ, ನೀವು ಹೇಳಿದಂಗ."

ಗಂಗವ್ವನವರ ಬಾಯಲ್ಲಿದ್ದ ಅಡಿಕೆ ನಿಂತಿತು. ನೆಗೆಣ್ಣಿಯರು ಒಬ್ಬರ ಕೂಸಿಗೆ ಇನ್ನೊಬ್ಬರು ಹಾಲು ಕೊಟ್ಟರೆ ಈ ತೊಡಕಿಲ್ಲ, ಅವರ ಮಕ್ಕಳು ಹೇಗೂ ಅಣ್ಣತಂಗಿಯರೇ. ಮಗಳ ಮಗಳು, ಮಗನ ಮಗ ಎಂದರೆ ಲೆಕ್ಕವೇ ಬೇರೆ, ಕೊಡು-ಕೊಳ್ಳುವ ಸಂಬಂಧ. ಮಗಳ ಬಸುರಿನ ಚಿಂತೆಯಲ್ಲಿ ಮುದುಕಿಗೆ ಇದು ಹೊಳೆದೇ ಇರಲಿಲ್ಲ.

"ಅಯ್ಯ ನನ ಶಿವನ! ತಗೀ, ತಗೀ! ಕೊಡ ಇಲ್ಲೆ!" ಎಂದು ಕೂಸನ್ನು ಸೊಸೆಯ ಮಡಿಲಿನಿಂದ ಕಸಿದುಕೊಂಡರು. "ನಿನಗರ ಬುದ್ಧಿ ಐತಿ ನೋಡ. ನಾ ಖೋಡಿ ಮುದುಕಿ, ಕೈಯಾರೆ ಸಂಬಂಧ ಕೆಡಸ್ತಿದ್ನೆಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಬಾಯಾರ, ಸುಮ್ನ ನಿಂತೀರೆಲ್ಲ, ಒಳಗ ಹೋಗಿ ನೋಡ್ರಿ, ನಮ್ಮ ಸುಜಾತಾನ್ನ ಯಾವಾಗ ಹೊರಗ ಬಿಡ್ತಾರ? ತಾಯಿ ಹಾಲ ಕುಡಸಬೇಕಂತ ನೀವ ಹೇಳ್ತಿದ್ರೆಲ್ಲ!"

ನಾನು ಒಳಗೆ ಹೋದೆ. ಬಾಗಿಲ ಹಿಂದೆ ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಕಣ್ಣಲ್ಲಿ ನೀರೂ ಬಂತು. ಸುಜಾತಾ ಹೊರಬರುವವರೆಗೆ ಗಂಗವ್ವನವರು ಕೂಸನ್ನು ಎದೆಗವಚಿಕೊಂಡು ಪಡಸಾಲೆ ತಿರುಗಿದರು. ಜೇನುತುಪ್ಪ ನೆಕ್ಕಿಸಲು ಬಂದ ಸಂಬಂಧಿಕಳೊಬ್ಬಳನ್ನು ಗದರಿಸಿ ಕಳಿಸಿದರು. ವಾರ್ಡಿಗೆ ಬಂದ ಮೇಲೆ ಸಿಸ್ಟರ್ ಕೂಸನ್ನು ಸುಜಾತಾಳ ಪಕ್ಕಕ್ಕೆ ಹಾಕಿ ಹಳದಿ ಹಾಲನ್ನೇ ಕುಡಿಸಿದರು. ಗಂಗವ್ವನವರೇ ಕೂಸಿನ ತಲೆ ಹಿಡಿದು ಕೊಟ್ಟರು. ಸವಿತಾ ಬಚ್ಚಲಿಗೆ ಹೋಗಿ ತುಂಬಿದ ಎದೆ ಹಿಂಡಿ ಬಂದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಾವು ಆಡಿಕೊಳ್ಳುತ್ತೇವೆ. ಇಲ್ಲಿ ಕೂಸು ಕಣ್ಣು ಬಿಡುವ ಮುಂಚೆ ಬಾಸಿಂಗವೇ ತಯಾರಾಯಿತು. ಸಂಜೆ ಗಂಗವ್ವನವರು ವಾರ್ಡಿಗೆಲ್ಲ ಪೇಢೆ ಹಂಚಿದರು. "ನಮ್ಮ ಸೋಮೂನ ಹೇಣ್ತಿ ಹುಟ್ಯಾಳ್ರಿ," ಎಂದು ನನ್ನ ಕೈಗೂ ಒಂದು ಕೊಟ್ಟರು. ಎಷ್ಟೋ ವರ್ಷ ರಕ್ತಸಂಬಂಧದ ಮದುವೆಯ ವಿರುದ್ಧ ಗಂಟಲು ಹರಿದುಕೊಂಡ ನಾನು ಆ ಪೇಢೆಯನ್ನು ಮರುಮಾತಿಲ್ಲದೆ ತಿಂದೆ. ಚೆನ್ನಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ನಾನು ಕೆಲಸ ಮಾಡುವ ರೀತಿ ಸ್ವಲ್ಪ ಬದಲಾಯಿತು. ಯಾರಿಗೂ ಹೇಳಬೇಡಿ, ಗುಟ್ಟಾಗಿಡಿ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಗುಟ್ಟು ಇಟ್ಟುಕೊಂಡವರು ಕೂಡುಮನೆಯಲ್ಲಿ ದಿನವಿಡೀ ಯಾವುದೋ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರಬೇಕು. ಯಾಕೆ ಮಾತ್ರೆ, ಯಾಕೆ ಹಾಲು ಇಲ್ಲ, ಯಾಕೆ ಎರಡನೆಯ ಕೂಸು ಬೇಡ. ಅದಕ್ಕೆ ಹೊಸಬರು ಯಾರೇ ಬರಲಿ, ಮಾತ್ರೆಯ ಜೊತೆಗೆ ಒಂದು ಮಾತನ್ನೂ ಕಟ್ಟಿ ಕೊಡುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರು ಏನು ಕೇಳುತ್ತಾರೆ, ಏನು ಹೇಳಿದರೆ ಅವರು ಸುಮ್ಮನಾಗುತ್ತಾರೆ ಎಂದು ಅವರನ್ನೇ ಕೇಳುತ್ತಿದ್ದೆ. ಆಸ್ಪತ್ರೆಯ ಮಾತು ಆಸ್ಪತ್ರೆಯ ಬಾಗಿಲವರೆಗೆ ನಡೆಯುತ್ತದೆ, ಮನೆಯೊಳಗೆ ಮನೆಯ ಮಾತೇ ಬೇಕು. ಈ ಕೆಲಸ ನನಗೆ ಕಲಿಸಿದ ಪಾಠ ಇಷ್ಟು ಎಂದುಕೊಂಡಿದ್ದೆ. ಇನ್ನೊಂದು ಬಾಕಿ ಇತ್ತು.

ಹದಿನೆಂಟು ತಿಂಗಳು ತುಂಬಿದಾಗ ಸೋಮುವಿನ ಕೊನೆಯ ಪರೀಕ್ಷೆ ಮಾಡಿದೆವು. ಫಲಿತಾಂಶ ನಾನ್-ರಿಯಾಕ್ಟಿವ್, ಅಂದರೆ ಸೋಂಕಿಲ್ಲ. ಹೇಳಿದೆ. ಸವಿತಾ ಕಣ್ಣು ಮುಚ್ಚಿ ಮಗನ ತಲೆಗೆ ತನ್ನ ತಲೆ ಹಚ್ಚಿದಳು. ಆಮೇಲೆ ಮೂಗು ಒರೆಸಿಕೊಂಡು, ಆ ವಿಷಯ ಅಲ್ಲಿಗೆ ಮುಗಿಯಿತು ಎನ್ನುವಂತೆ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಅಕ್ಕಾರ, ಒಂದ ಪಂಚಾತಿ ಆಗೇತ್ರಿ. ಅತ್ತಿ ಆ ಕೂಸಿಗೆ ಬೆಳ್ಳಿ ಕಾಲ್ಗಡಗ ಹಾಕ್ಯಾರ. 'ನಮ್ಮ ಮನಿ ಸೊಸಿ' ಅಂತ ಊರ ತುಂಬ ಹೇಳ್ಕೋಂತ ಹೊಂಟಾರ. ನೀವು ನೋಡಿದ್ರ ರಕ್ತಸಂಬಂಧ ಬ್ಯಾಡ ಅಂತೀರಿ. ಇದನ್ನ ಬಿಡಸೂದು ಹೆಂಗ್ರಿ?"

"ಇನ್ನ ಇಪ್ಪತ್ತ ವರ್ಷ ಐತಿ ಬಿಡ ಸವಿತಾ."

"ಇಪ್ಪತ್ತ ವರ್ಷ ಏನ ದೂರ್ರಿ? ಕಣ್ಣ ಮುಚ್ಚಿ ತಗಿಯೂದ್ರಾಗ ಬರ್ತೈತಿ. ಇವರಪ್ಪನ ಕೈಲೆ ಆಗೂದಿಲ್ಲ. ನಾನ ಮುಂದ ನಿಂತ ಬ್ಯಾಡ ಅನ್ನಬೇಕು. ಅದಕ್ಕ ಈಗಿಂದ ಒಂದ ಮಾತ ಹುಡುಕಿ ಇಟ್ಟಿರ್ರಿ," ಎಂದು ಮಗನನ್ನು ಬಗಲಿಗೆ ಹಾಕಿಕೊಂಡು, ಮಾತ್ರೆಯ ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ ಹೊರಟಳು.

ಇನ್ನ ಎಷ್ಟ ದಿನ್ರಿ ಎಂದು ಜನ ಕೇಳುತ್ತಿದ್ದುದು ಅದೇ ಕುರ್ಚಿಯಲ್ಲಿ ಕೂತು. ಇನ್ನೂ ಇಪ್ಪತ್ತು ವರ್ಷ ತಾನು ಇದ್ದೇ ಇರುತ್ತೇನೆಂದು ಹೇಳಿ ಹೋದದ್ದು ಸವಿತಾಳಿಗೇ ಗೊತ್ತಾಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.